‘ಫೀಕಾ’ ಅಂದದ್ದು ಯಾರಿಗೆ?

ಮೊದಲು ಕುರ್ಚಿಯ ವಿಷಯ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಆಸ್ಪತ್ರೆಯ ದುಭಾಷಿ ಡಾಕ್ಟರ ಪಕ್ಕದಲ್ಲಿ ಕೂರಬಾರದು. ಕೂತರೆ ರೋಗಿಗೆ ಎದುರಾಳಿಗಳು ಇಬ್ಬರಾದ ಹಾಗೆ ಕಾಣುತ್ತದೆ. ರೋಗಿಯ ಎದುರಿಗೂ ಕೂರಬಾರದು. ಕೂತರೆ ಅವರು ಡಾಕ್ಟರನ್ನು ಬಿಟ್ಟು ನಿಮ್ಮ ಹತ್ತಿರ ಸೊಸೆಯ ಕಥೆ ತೆಗೆಯುತ್ತಾರೆ. ರೋಗಿಯ ಭುಜದ ಹಿಂದೆ, ಸ್ವಲ್ಪ ಓರೆಯಾಗಿ ಕೂರಬೇಕು. ಆಗ ರೋಗಿ ಡಾಕ್ಟರ ಮುಖ ನೋಡುತ್ತಾರೆ, ಡಾಕ್ಟರು ರೋಗಿಯ ಮುಖ ನೋಡುತ್ತಾರೆ, ನಿಮ್ಮ ಮುಖ ಯಾರಿಗೂ ಬೇಡ. ನನ್ನ ಉದ್ಯೋಗವೆಲ್ಲ ಹೀಗೆ ಬೇರೆಯವರ ಬೆನ್ನು ನೋಡುತ್ತಲೇ ಕಳೆಯಿತು. ಅದರಲ್ಲಿ ನನಗೆ ಬೇಜಾರೇನೂ ಇಲ್ಲ, ಸಂಬಳವೂ ಸರಿಯಾಗಿ ಬರುತ್ತಿತ್ತು.

ಅಬುಧಾಬಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಾನು ಪೋರ್ಚುಗೀಸ್ ದುಭಾಷಿಯಾಗಿದ್ದೆ. ಈಚೆಗಷ್ಟೇ ನಿವೃತ್ತಳಾದೆ. ಹೆಸರು ವಾರಿಜಾ, ಊರು ಉಡುಪಿಯ ಕಡೆ, ಮನೆಮಾತು ತುಳು. ಹೀಗೆ ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎತ್ತಣ ಉಡುಪಿ, ಎತ್ತಣ ಪೋರ್ಚುಗೀಸ್? ಉತ್ತರ ಬಹಳ ಸರಳ, ದೋಸೆ. ನನ್ನ ಅಪ್ಪ ಗೋವಾದ ಮಡಗಾಂವ್‌ನಲ್ಲಿ ಉಡುಪಿ ಹೋಟೆಲ್ ಇಟ್ಟಿದ್ದರು. ನಾನು ಬೆಳೆದದ್ದು ಆ ಹೋಟೆಲಿನ ಹಿಂದಿನ ಎರಡು ಕೋಣೆಗಳಲ್ಲಿ. ದಿನಾ ಬೆಳಿಗ್ಗೆ ಅಲ್ಲಿಗೆ ಎರ್ಮೀನ್ಯಾ ಎಂಬ ನಿವೃತ್ತ ಟೀಚರಮ್ಮ ಬರುತ್ತಿದ್ದರು. ಹಳೇ ಕಾಲದ ಪೋರ್ಚುಗೀಸ್ ಶಾಲೆಯಲ್ಲಿ ಓದಿದವರು. ಎಲ್ಲರೂ ಅವರನ್ನು ದೋನಾ ಎಂದು ಗೌರವದಿಂದ ಕರೆಯುತ್ತಿದ್ದರು. ಒಂದು ಮಸಾಲೆ ದೋಸೆ, ಒಂದು ಕಾಫಿ, ಆಮೇಲೆ ಮಧ್ಯಾಹ್ನದವರೆಗೆ ಕಿಟಕಿಯ ಪಕ್ಕದ ಅದೇ ಮೇಜು. ಊಟದ ಗಿರಾಕಿಗಳು ಬಂದು ನಿಂತರೂ ಏಳುತ್ತಿರಲಿಲ್ಲ. ಅಪ್ಪ ಹಲ್ಲು ಕಚ್ಚಿಕೊಂಡು, “ದೋನಾ, ಇನ್ನೂ ಇದ್ದೀರಾ?” ಎಂದರೆ ಅವರು ತಲೆ ಎತ್ತದೆ, “ಫೀಕು” ಎನ್ನುತ್ತಿದ್ದರು. ಇದ್ದೇನೆ, ಇರುತ್ತೇನೆ ಅಂತ. ನಾನು ಕಲಿತ ಮೊದಲನೆಯ ಪೋರ್ಚುಗೀಸ್ ಮಾತು ಅದು.

ಕೊನೆಗೆ ಅಪ್ಪನೇ ಒಂದು ದಾರಿ ಕಂಡುಕೊಂಡರು. “ಹೇಗೂ ಕೂತಿದ್ದೀರಲ್ಲ, ಇವಳಿಗೆ ಏನಾದರೂ ಹೇಳಿಕೊಡಿ,” ಎಂದು ನನ್ನನ್ನು ಅವರ ಎದುರು ಕೂರಿಸಿದರು. ಹಾಗೆ ಶುರುವಾದದ್ದು ಕಾಲೇಜಿನವರೆಗೂ ಬಂತು. ದೋನಾ ಒಂದು ದಿನ ಆ ಫೀಕು ಎಂಬ ಮಾತಿನ ಬುಡ ಬಿಡಿಸಿ ತೋರಿಸಿದ್ದು ಇನ್ನೂ ನೆನಪಿದೆ. ಮೂಲ ಕ್ರಿಯಾಪದ ಫಿಕಾರ್. ಅದರ ಅಜ್ಜಿ ಲ್ಯಾಟಿನ್ನಿನಲ್ಲಿದ್ದಾಳೆ, ಅಲ್ಲಿ ಅದರ ಅರ್ಥ ಮೊಳೆ ಹೊಡೆದು ಕೂರಿಸು ಎಂದು. ಆ ಅಜ್ಜಿಯಿಂದ ಜನರ ಬಾಯಲ್ಲಿ ಇನ್ನೊಂದು ರೂಪ ಹುಟ್ಟಿತು, ಅದೇ ಸವೆದು ಸವೆದು ಫಿಕಾರ್ ಆಯಿತು. ನಾನು ಕೇಳಿದೆ, “ಮೊಳೆ ಹೊಡೆಯುವುದಕ್ಕೂ ಇರುವುದಕ್ಕೂ ಏನು ಸಂಬಂಧ ದೋನಾ?” ಅವರು ಗೋಡೆಯ ಕ್ಯಾಲೆಂಡರಿನ ಮೊಳೆ ತೋರಿಸಿ ಹೇಳಿದರು, “ನಿಮ್ಮಪ್ಪ ಅದನ್ನು ಯಾವತ್ತೋ ಹೊಡೆದ. ಈಗ ಅದು ಏನು ಮಾಡ್ತಾ ಉಂಟು ಹೇಳು. ಸುಮ್ಮನೆ ಇದೆ, ಅಷ್ಟೆ. ಹೊಡೆಯೋದು ಒಂದು ಕ್ಷಣ, ಇರೋದು ಆಮೇಲಿನದ್ದೆಲ್ಲ.” ಅಪ್ಪ ಗಲ್ಲಾದಿಂದಲೇ, “ಮೊಳೆಯಾದರೂ ಗಿರಾಕಿಯ ಮೇಜು ಹಿಡಿದು ಕೂರೋದಿಲ್ಲ,” ಎಂದು ತುಳುವಿನಲ್ಲಿ ಗೊಣಗಿದರು. ದೋನಾಗೆ ತುಳು ಬರುತ್ತಿರಲಿಲ್ಲ, ಪುಣ್ಯ.

ಮದುವೆಯಾಗಿ ಅಬುಧಾಬಿಗೆ ಬಂದೆ. ನನ್ನ ಗಂಡ ಸದಾಶಿವ ಆಗ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಆಫೀಸಿನಲ್ಲಿ ಅಕೌಂಟೆಂಟ್. ಒಂದು ಫ್ಲ್ಯಾಟಿನಲ್ಲಿ ಮೂರು ಸಂಸಾರ, ಅಡುಗೆಮನೆಗೆ ಪಾಳಿ. ಪಕ್ಕದ ಕೋಣೆಯ ನರ್ಸ್ ಒಬ್ಬಳು, “ನಮ್ಮಲ್ಲಿ ಅಂಗೋಲಾ, ಮೊಜಾಂಬಿಕ್ ಕಡೆಯ ಹಡಗಿನವರು ಬರ್ತಾರೆ, ಅವರ ಭಾಷೆ ಯಾರಿಗೂ ಬರೋದಿಲ್ಲ,” ಎಂದಳು. ಅವರ ಭಾಷೆ ಪೋರ್ಚುಗೀಸ್ ಎಂದು ಗೊತ್ತಾದ ಮರುದಿನವೇ ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆ. ಅಡುಗೆಮನೆಯ ಪಾಳಿಗಿಂತ ಯಾವ ಕೆಲಸವೂ ವಾಸಿ ಎನಿಸಿತ್ತು.

ಅಲ್ಲಿಯ ದುಭಾಷಿ ವಿಭಾಗದ ಮುಖ್ಯಸ್ಥರು ಇದ್ರೀಸ್, ಸುಡಾನಿನವರು. ತೆಳ್ಳಗೆ, ಎತ್ತರಕ್ಕೆ ಇದ್ದರು. ನಗುವುದು ಅಪರೂಪ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಮೊದಲ ದಿನ ಮೂರು ಮಾತು ಹೇಳಿದರು. ಕೋಣೆಯಲ್ಲಿ ಆಡಿದ್ದೆಲ್ಲವನ್ನೂ ದಾಟಿಸಬೇಕು, ಒಂದು ಕೆಮ್ಮನ್ನೂ ನುಂಗಬಾರದು. ರೋಗಿ ‘ನಾನು’ ಅಂದರೆ ನೀನೂ ‘ನಾನು’ ಎನ್ನಬೇಕು, ‘ಅವರು ಹೀಗೆ ಹೇಳ್ತಿದ್ದಾರೆ’ ಎನ್ನುವ ಹಾಗಿಲ್ಲ. ಮೂರನೆಯದು, “ಆ ಕೋಣೆಯಲ್ಲಿ ಇಬ್ಬರೇ ಇರೋದು, ರೋಗಿ ಮತ್ತು ಡಾಕ್ಟರ್. ನೀನು ಅಲ್ಲಿಲ್ಲ. ಯಾರು ಏನೇ ಆಡಿದರೂ ಅದು ನಿನಗೆ ಆಡಿದ್ದಲ್ಲ. ಖಲಾಸ್.”

ಕೇಳಲು ಸುಲಭ. ಮಾಡಿ ನೋಡಿದರೆ ಗೊತ್ತಾಗುತ್ತದೆ. ಹಡಗಿನ ಕ್ಯಾಪ್ಟನ್ ಒಬ್ಬರು ತಮ್ಮ ಮೂಲವ್ಯಾಧಿಯ ಕಷ್ಟವನ್ನು ಸವಿಸ್ತಾರವಾಗಿ ಬಣ್ಣಿಸಿದಾಗ ಸೀರೆ ಉಟ್ಟ ನಾನು, ಗಂಭೀರ ಮುಖ ಮಾಡಿಕೊಂಡು, “ನನಗೆ ಕೂರಲಿಕ್ಕೇ ಆಗುವುದಿಲ್ಲ ಡಾಕ್ಟ್ರೇ,” ಎಂದು ಮೊದಲುಗೊಂಡು ಎಲ್ಲವನ್ನೂ ಹೇಳಬೇಕಾಯಿತು. ಹೊರಗೆ ಕಾಯುತ್ತಿದ್ದ ಮಲಯಾಳಿ ನರ್ಸು, “ನಿಮಗೂ ಉಂಟಾ ಚೇಚಿ?” ಎಂದು ಕನಿಕರದಿಂದ ಕೇಳಿದಳು. ಮನೆಗೆ ಬಂದು ಸದಾಶಿವರಿಗೆ ಹೇಳಿದೆ. ಆಮೇಲೆ ತುಂಬ ದಿನ ನಾನು ಕುರ್ಚಿಯಲ್ಲಿ ಕೂತಾಗಲೆಲ್ಲ ಅವರು ದಿಂಬು ತಂದುಕೊಡುತ್ತಿದ್ದರು.

ಎಡವಿದ್ದೂ ಉಂಟು. ಮೊದಲ ತಿಂಗಳುಗಳಲ್ಲೇ ಅಂಗೋಲಾದ ಒಬ್ಬ ಅಜ್ಜ ಎದುರಿಗಿದ್ದ ಡಾಕ್ಟರನ್ನು ನೋಡಿ, “ಈ ಹುಡುಗ ಮೀಸೆ ಬಂದ ಮೇಲೆ ಬರಲಿ, ಅಲ್ಲಿಯವರೆಗೆ ನಾನು ಸಾಯುವುದಿಲ್ಲ,” ಎಂದರು. ನಾನು ಮರ್ಯಾದೆಗೆಂದು, “ತಾವು ಬಹಳ ಚಿಕ್ಕ ವಯಸ್ಸಿನಲ್ಲೇ ಡಾಕ್ಟರಾಗಿದ್ದೀರಿ,” ಎಂದು ತಿರುಗಿಸಿದೆ. ಡಾಕ್ಟರಿಗೆ ಖುಷಿಯಾಯಿತು, ಆಪರೇಷನ್ ವಿವರಿಸತೊಡಗಿದರು. ಅಜ್ಜ ಹೆದರಿಕೊಂಡೇ ಬೈದದ್ದು ಅವರಿಗೆ ತಿಳಿಯಲೇ ಇಲ್ಲ. ಅಜ್ಜ ಆಪರೇಷನ್ ಬೇಡವೆಂದು ಎದ್ದು ಹೋದರು. ಇದ್ರೀಸ್ ನನ್ನನ್ನು ಕರೆಸಿದರು. “ನೀನು ಚಹಾ ಮಾಡ್ಲಿಕ್ಕೆ ಬಂದವಳಾ, ಸಕ್ಕರೆ ಹಾಕ್ಲಿಕ್ಕೆ?” ಮರುದಿನ ಅಜ್ಜನನ್ನು ಪುನಃ ಕರೆಸಿದರು, ಅವರ ಮಾತನ್ನು ಉಪ್ಪುಖಾರದ ಸಮೇತ ಹಾಗೇ ದಾಟಿಸಿದೆ. ಡಾಕ್ಟರು ಜೋರಾಗಿ ನಕ್ಕು, “ಹೆದರಿಕೆಯಾಗಿದೆಯಾ ಅಜ್ಜ?” ಎಂದರು. ಅಜ್ಜ ಹೌದೆಂದು ಒಪ್ಪಿಕೊಂಡರು. ಆಪರೇಷನ್ ಆಯಿತು, ಅಜ್ಜ ಹಡಗು ಹತ್ತಿದರು. ಅಂದಿನಿಂದ ನಾನು ಸಕ್ಕರೆ ಬಿಟ್ಟೆ.

ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇನ್ನೊಂದು ಮಾತು. ನೀವು ಕಲಿತ ಭಾಷೆಯನ್ನು ಯಾರೂ ಆಡುವುದಿಲ್ಲ ಎಂಬುದಕ್ಕೆ ತಯಾರಾಗಿರಿ. ಇಲ್ಲಿಯ ಶಾಲೆಗಳಲ್ಲಿ ಜಿಯು-ಜಿತ್ಸು ಎಂಬ ಕುಸ್ತಿ ಕಲಿಸಲು ಬ್ರೆಜಿಲ್‌ನಿಂದ ಕೋಚ್‌ಗಳು ಬರತೊಡಗಿದಾಗ ನನ್ನ ಮೇಜಿನ ಮುಂದೆ ಜಾತ್ರೆ. ಒಬ್ಬನಿಗೆ ಮಂಡಿ, ಒಬ್ಬನಿಗೆ ಭುಜ, ಕಿವಿಗಳಂತೂ ಎಲ್ಲರದ್ದೂ ಜಜ್ಜಿಹೋದವೇ. ನಾನು ದೋನಾ ಕಲಿಸಿದ ಪೋರ್ಚುಗೀಸಿನಲ್ಲಿ ಕುಶಲ ವಿಚಾರಿಸಿದರೆ ಆ ಗಟ್ಟಿ ಗಂಡಸರು ಕಣ್ಣರಳಿಸುತ್ತಿದ್ದರು. “ನಮ್ಮ ಮುತ್ತಜ್ಜಿ ಎದ್ದು ಬಂದ ಹಾಗಾಯ್ತು ಸೆನ್ಯೋರಾ,” ಎಂದನೊಬ್ಬ.

ನನ್ನ ಹಳೆಯ ಫಿಕಾರ್ ಅವರ ಬಾಯಲ್ಲಿ ದಿನಕ್ಕೆ ನೂರು ಕೆಲಸ ಮಾಡುತ್ತಿತ್ತು. ಆಸ್ಪತ್ರೆ ಎಲ್ಲಿದೆ ಎಂದು ಕೇಳುವುದಕ್ಕೂ ಅದೇ. ನೋವಿನಿಂದ ಮುಖ ಕೆಂಪಾಯಿತು ಎನ್ನುವಲ್ಲಿ ಆಯಿತು ಎನ್ನುವುದಕ್ಕೂ ಅದೇ. ಈ ಅಂಗಿ ನಿನಗೆ ಒಪ್ಪುತ್ತದೆ ಎನ್ನಲೂ ಅದೇ, ಚಿಲ್ಲರೆ ನೀನೇ ಇಟ್ಟುಕೋ ಎನ್ನಲೂ ಅದೇ. ‘ಫೀಕಾ ಟ್ರಾಂಕ್ವೀಲು’ ಎಂದರೆ ಸುಮ್ಮನಿರು ಮಾರಾಯ, ತಲೆಬಿಸಿ ಮಾಡಬೇಡ ಅಂತ. ಹುಡುಗ ಹುಡುಗಿಯರ ನಡುವೆ ಅದಕ್ಕೆ ಇನ್ನೂ ಒಂದು ಬಳಕೆ ಇದೆಯೆಂದು ಒಬ್ಬ ಕೋಚ್ ಕೆಂಪಾಗುತ್ತ ವಿವರಿಸಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ದೋನಾ ಕೇಳಿದ್ದರೆ ದೋಸೆ ಬಿಟ್ಟು ಎದ್ದುಹೋಗುತ್ತಿದ್ದರು.

ಆ ಹೊತ್ತಿಗೇ ಹೆರಿಗೆ ವಿಭಾಗಕ್ಕೆ ಡಾಕ್ಟರ್ ನೂರಿಯಾ ಬಂದರು. ಬಾರ್ಸಿಲೋನಾದವರು. ಮನೆಮಾತು ಕತಲಾನ್, ಆಸ್ಪತ್ರೆಯಲ್ಲಿ ಇಂಗ್ಲಿಷ್. ಕುಳ್ಳಗೆ, ಚುರುಕು. ಹೆಚ್ಚಿನ ಡಾಕ್ಟರುಗಳು ಕಷ್ಟದ ಪ್ರಶ್ನೆ ಬಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ, ಅದನ್ನು ದಾಟಿಸುವಾಗ ದುಭಾಷಿಯ ಪ್ರಾಣ ಹೋಗುತ್ತದೆ. ನೂರಿಯಾ ಹಾಗಲ್ಲ. ಇದ್ದದ್ದನ್ನು ಇದ್ದ ಹಾಗೆ, ಚಿಕ್ಕ ಚಿಕ್ಕ ವಾಕ್ಯದಲ್ಲಿ ಹೇಳುತ್ತಿದ್ದರು. ಅದಕ್ಕೇ ನಮಗಿಬ್ಬರಿಗೂ ಹೊಂದಿತು. ಒಂದು ದಿನ ಕ್ಯಾಂಟೀನಿನಲ್ಲಿ ಅವರು ತಾಯಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಾಗ ನನ್ನ ಕಿವಿಗೆ ಫಿಕಾರ್ ಬಿತ್ತು. ಮಾತು ಮುಗಿದ ಮೇಲೆ ಕೇಳಿದೆ, “ನಿಮ್ಮ ತಾಯಿ ಎಲ್ಲಿ ಇರ್ತಾರಂತೆ?”

“ಇರೋದಲ್ಲ, ಅವಳು ಕೀಲಿಯನ್ನು ಬೀಗಕ್ಕೆ ತಪ್ಪಾಗಿ ತುರುಕಿದ್ದಾಳೆ,” ಎಂದರು ನೂರಿಯಾ. ಅವರ ಭಾಷೆಯಲ್ಲಿ ಫಿಕಾರ್ ಎಂದರೆ ಒಳಗೆ ಹಾಕು, ತೂರಿಸು. ಕೈಯನ್ನು ಜೇಬಿಗೆ, ದಾರವನ್ನು ಸೂಜಿಗೆ. ಬೇಡದ ವಿಷಯಕ್ಕೆ ಮೂಗು ತೂರಿಸುವುದಕ್ಕೂ ಅದೇ. ನಮ್ಮಲ್ಲೂ ಮೂಗು ತೂರಿಸುತ್ತಾರೆ ಎಂದೆ. “ಮೂಗು ಎಲ್ಲ ದೇಶದಲ್ಲೂ ಒಂದೇ ಕೆಲಸ ಮಾಡ್ತದೆ,” ಎಂದು ನಕ್ಕರು. ಆಮೇಲೆ ನಾನು ದೋನಾ ಹೇಳಿದ ಮೊಳೆಯ ಕಥೆ ಹೇಳಿದೆ. ಕತಲಾನಿನವರು ಮೊಳೆ ಹೊಡೆಯುವ ಕೈಯನ್ನು ಇಟ್ಟುಕೊಂಡರು, ಪೋರ್ಚುಗೀಸಿನವರು ಹೊಡೆಸಿಕೊಂಡು ಉಳಿದ ಮೊಳೆಯನ್ನು ಇಟ್ಟುಕೊಂಡರು. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು, ನಮ್ಮ ಕನ್ನಡದಲ್ಲಿ ಊರು ಎಂಬ ಕ್ರಿಯಾಪದ ಇದೆಯಲ್ಲ. ಕೋಲು ಊರುತ್ತೇವೆ, ಕಾಲು ಊರುತ್ತೇವೆ. ಅದೇ ಮಾತು ಬೇರೂರುತ್ತದೆ, ತಳವೂರುತ್ತದೆ. ಊರುವುದರಿಂದ ಹೊರಟು ಉಳಿಯುವುದಕ್ಕೆ ಬಂದು ನಿಲ್ಲುತ್ತದೆ. ಮೂರು ದೇಶದ ಜನ ಒಂದೇ ದಾರಿಯಲ್ಲಿ ನಡೆದದ್ದು ನೋಡಿ ನನಗೆ ವಿಪರೀತ ಖುಷಿಯಾಯಿತು. ನೂರಿಯಾ ‘ತಳವೂರು’ ಎಂದು ಎರಡು ಮೂರು ಸಲ ಹೇಳಿ ನೋಡಿದರು. ಳ ಅವರಿಗೆ ಕೊನೆಗೂ ಬರಲಿಲ್ಲ.

ಇನ್ನು ಜುಸಾರಾಳ ಹೆರಿಗೆಯ ಕಥೆ. ಬ್ರೆಜಿಲ್‌ನ ಈಶಾನ್ಯ ಭಾಗದ ಹುಡುಗಿ, ಕೋಚ್ ಒಬ್ಬನ ಹೆಂಡತಿ. ಚೊಚ್ಚಲು. ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಗಂಡ ಶಾಲೆಯ ಮಕ್ಕಳನ್ನು ಕರೆದುಕೊಂಡು ದುಬೈಗೆ ಪಂದ್ಯಕ್ಕೆ ಹೋಗಿದ್ದ, ಹೆರಿಗೆಗೆ ಇನ್ನೂ ಒಂದು ವಾರ ಇದೆ ಎಂಬ ಧೈರ್ಯದಲ್ಲಿ. ಬೆಳಿಗ್ಗೆ ಅವಳು ಟ್ಯಾಕ್ಸಿಯಲ್ಲಿ ಒಬ್ಬಳೇ ಬಂದಳು. ಇಂಗ್ಲಿಷಿನಲ್ಲಿ ಅವಳಿಗೆ ಬರುತ್ತಿದ್ದದ್ದು ಥ್ಯಾಂಕ್ಯೂ ಮತ್ತು ಸ್ಲೋ. ನಾನು ಮಂಚದ ತಲೆಯ ಕಡೆ, ಅವಳ ಭುಜದ ಹಿಂದೆ ಕುರ್ಚಿ ಹಾಕಿಕೊಂಡೆ.

ನೋವು ಏರುತ್ತಿದ್ದ ಹಾಗೆ ಅವಳ ಬಾಯಿಯೂ ಏರಿತು. ನಿಯಮ ನಿಯಮವೇ. ನಾನು ಸಮಾಧಾನದ ಸ್ವರದಲ್ಲಿ ಒಂದೊಂದನ್ನೇ ಇಂಗ್ಲಿಷಿಗೆ ದಾಟಿಸಿದೆ: “ಅವನು ಬರಲಿ, ನಾನೇ ಅವನ ಕಾಲು ಮುರೀತೇನೆ. ಕುಸ್ತಿ ಏನೂಂತ ಇವತ್ತು ನಾನು ಕಲಿಸ್ತೇನೆ. ಈ ಮಗು ಅವನ ಹಾಗೆ ದಪ್ಪ ತಲೆಯದ್ದು, ಅದಕ್ಕೇ ಹೊರಗೆ ಬರ್ತಿಲ್ಲ.” ನೂರಿಯಾ ಅಷ್ಟೇ ಗಂಭೀರವಾಗಿ, “ಕಾಲು ಮುರಿಯೋದಕ್ಕೆ ಶಕ್ತಿ ಉಳಿಸಿಕೋ, ಈಗ ಉಸಿರು ತಗೋ,” ಎಂದರು. ಅದನ್ನೂ ದಾಟಿಸಿದೆ. ಅಳುತ್ತಿದ್ದ ಹುಡುಗಿ ನಕ್ಕುಬಿಟ್ಟಳು.

ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತು. ಹೆಣ್ಣು ಮಗು ಹುಟ್ಟಿತು, ಜೋರಾಗಿ ಅತ್ತಿತು, ತಾಯಿಯ ಎದೆಯ ಮೇಲೆ ಮಲಗಿತು. ಎಲ್ಲ ಸುಸೂತ್ರ. ನೂರಿಯಾರ ಕೆಲಸ ಮುಗಿದಿತ್ತು. ಮೊದಲ ಸಲ ಅಬುಧಾಬಿ ನೋಡಲು ಅವರ ತಾಯಿ ಬರುವವರಿದ್ದರು, ವಿಮಾನ ಆಗಲೇ ಇಳಿದಿತ್ತು. ಮುಂದಿನ ಪಾಳಿಯ ಡಾಕ್ಟರು ಬಂದವರೇ ಇನ್ನೊಬ್ಬಳ ತುರ್ತು ಸಿಸೇರಿಯನ್‌ಗೆಂದು ಆಪರೇಷನ್ ಥಿಯೇಟರಿಗೆ ಹೋಗಿದ್ದರು. ಅವರು ಬರುವವರೆಗೆ ನರ್ಸುಗಳು ನೋಡಿಕೊಳ್ಳುವುದೆಂದು ಆಗಿತ್ತು. ಅದು ದಿನಾ ನಡೆಯುವ ಕ್ರಮವೇ. ನೂರಿಯಾ ಕೈಗವಸು ತೆಗೆದು ಬಾಗಿಲ ಹತ್ತಿರ ಹೋದರು. ನನ್ನ ಪಾಳಿಯೂ ಮುಗಿದಿತ್ತು. ಆಮೇಲಿನ ಹೊತ್ತಿಗೆ ಫೋನಿನ ದುಭಾಷಿ. ನಾನು ಎದ್ದು ಬ್ಯಾಗು ಹೆಗಲಿಗೆ ಹಾಕಿದೆ.

ಆಗ ಜುಸಾರಾ ಮೆಲ್ಲಗೆ ಹೇಳಿದಳು, “ಫೀಕಾ. ಫೀಕಾ ಕೊಮೀಗು.”

ಇರು, ನನ್ನ ಜೊತೆ ಇರು. ನನ್ನ ಬಾಯಿ ತನ್ನಷ್ಟಕ್ಕೆ ಕೆಲಸ ಮಾಡಿತು. ಬಾಗಿಲಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಅದೇ ಸ್ವರದಲ್ಲಿ ಹೇಳಿದೆ: “ಇರಿ. ನನ್ನ ಜೊತೆ ಇರಿ.”

ನೂರಿಯಾ ನಿಂತರು. ಕೈಯಲ್ಲಿದ್ದ ಫೋನನ್ನು ಒಮ್ಮೆ ನೋಡಿದರು. ಆಮೇಲೆ ಅದನ್ನು ಜೇಬಿಗೆ ಹಾಕಿ, “ಸರಿ, ಇನ್ನೊಂದು ಸ್ವಲ್ಪ ಹೊತ್ತು,” ಎಂದು ವಾಪಸ್ ಬಂದರು. ಡಾಕ್ಟರಿದ್ದ ಮೇಲೆ ದುಭಾಷಿ ಹೊರಡುವ ಹಾಗಿಲ್ಲ, ನಾನೂ ಬ್ಯಾಗು ಕೆಳಗಿಟ್ಟೆ. ಕೂತಿದ್ದೆನೋ ಇಲ್ಲವೋ, ಜುಸಾರಾ, “ಚಳಿಯಾಗ್ತಿದೆ,” ಎಂದಳು. ನಾನು ಹೇಳಿ ಮುಗಿಸುವ ಮೊದಲೇ ನೂರಿಯಾ ಹೊದಿಕೆ ಎತ್ತಿದ್ದರು. ರಕ್ತ. ನೆಲದವರೆಗೆ ರಕ್ತ. ಗರ್ಭಕೋಶ ಬಿಗಿಯಾಗದೆ ಸಡಿಲವಾಗಿಬಿಟ್ಟಿತ್ತು.

ನೂರಿಯಾ ಒಂದು ಕೈಯನ್ನು ಒಳಗೆ ಹಾಕಿ, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟು, ಎರಡರ ನಡುವೆ ಗರ್ಭಕೋಶವನ್ನು ಒತ್ತಿ ಹಿಡಿದರು. ಹಾಗೇ ನಿಂತರು. ನರ್ಸುಗಳು ಓಡಿದರು, ಇಂಜೆಕ್ಷನ್, ರಕ್ತದ ಚೀಲ, ಫೋನು. ನೂರಿಯಾರ ಹಣೆಯ ಬೆವರು ಮಾಸ್ಕಿನ ಮೇಲೆ ಇಳಿಯುತ್ತಿತ್ತು. “ಅವಳು ಕಣ್ಣು ಮುಚ್ಚಬಾರದು, ಮಾತಾಡಿಸ್ತಾ ಇರು,” ಎಂದರು. ಆಮೇಲೆ ಜುಸಾರಾಳನ್ನು ನೋಡಿಯೇ ಹೇಳತೊಡಗಿದರು. ನಾನು ಅವಳ ಕಿವಿಯ ಹತ್ತಿರ ಬಾಗಿ ಒಂದೊಂದೇ ವಾಕ್ಯ ದಾಟಿಸಿದೆ: “ನಾನು ಇಲ್ಲಿದ್ದೇನೆ. ನಾನು ಎಲ್ಲೂ ಹೋಗುವುದಿಲ್ಲ. ಮಗುವಿಗೆ ಏನು ಹೆಸರಿಡ್ತೀ ಹೇಳು. ಕಣ್ಣು ಬಿಡು. ನಾನು ಇಲ್ಲೇ ಇದ್ದೇನೆ.” ಅವಳ ಕೈ ನನ್ನ ಕೈಯಲ್ಲಿತ್ತು, ತಣ್ಣಗೆ. ಅದು ಯಾವಾಗ ಬಂತೋ ಗೊತ್ತಿಲ್ಲ. ನಿಯಮದ ಪ್ರಕಾರ ಮುಟ್ಟುವ ಹಾಗಿಲ್ಲ. ನಾನು ದೇವರನ್ನು ತುಳುವಿನಲ್ಲಿ ಕರೆದೆ, ಮನಸ್ಸಿನಲ್ಲೇ. ಅದನ್ನು ಯಾರಿಗೂ ದಾಟಿಸಬೇಕಾಗಿರಲಿಲ್ಲ.

ನಿಧಾನಕ್ಕೆ ರಕ್ತ ನಿಂತಿತು. ಥಿಯೇಟರಿನಿಂದ ಓಡಿಬಂದ ಡಾಕ್ಟರು ನೋಡಿ, “ನೀವು ಹೊರಟಿದ್ದರೆ ನಾನು ಬರುವಷ್ಟರಲ್ಲಿ...” ಎಂದು ಅರ್ಧಕ್ಕೆ ನಿಲ್ಲಿಸಿದರು. ನೂರಿಯಾರ ಕೈ ಮರಗಟ್ಟಿಹೋಗಿತ್ತು, ನೀರಿನ ಬಾಟಲಿಯ ಮುಚ್ಚಳ ನಾನೇ ತೆಗೆದುಕೊಟ್ಟೆ. ಅವರ ತಾಯಿ ಏರ್‌ಪೋರ್ಟಿನಲ್ಲಿ ಸೂಟ್‌ಕೇಸಿನ ಮೇಲೆ ಕೂತು ಕಾದು ಕಾದು, ಕೊನೆಗೆ ತಾವೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೇ ಬಂದರು. ದುಬೈಯಿಂದ ಗಾಳಿಯ ಹಾಗೆ ಕಾರು ಓಡಿಸಿಕೊಂಡು ಬಂದ ಗಂಡ ಹೆಂಡತಿಯ ಕಾಲ ಬಳಿ ಕೂತು ಮಗುವಿನ ಹಾಗೆ ಅತ್ತ. ಜುಸಾರಾ ಅವನ ಕಾಲು ಮುರಿಯಲಿಲ್ಲ. ಮಗುವಿಗೆ ನೂರಿಯಾ ಎಂದೇ ಹೆಸರಿಟ್ಟರು. ಆಮೇಲೆ ಆ ಸಂಸಾರ ಅಲ್ ಐನ್‌ಗೆ ಹೋಯಿತು, ನಾನೂ ಬೇರೆ ಬೇರೆ ಬೆನ್ನುಗಳ ಹಿಂದೆ ಕೂತೆ.

ಕಾಲ ಬದಲಾಯಿತು. ಇದ್ರೀಸ್ ನಿವೃತ್ತರಾಗಿ ತಮ್ಮೂರಿಗೆ ಹೊರಟರು. ಫೋನಿನ ಜಾಗಕ್ಕೆ ಚಕ್ರದ ಕಂಬದ ಮೇಲೆ ಕೂತ ಸ್ಕ್ರೀನ್ ಬಂತು. ಎಲ್ಲೋ ದೂರದ ದೇಶದಲ್ಲಿ ಕೂತ ದುಭಾಷಿ ಅದರಲ್ಲಿ ಮುಖ ತೋರಿಸುತ್ತಾರೆ. ನಾನು ಅದನ್ನು ಹಳಿಯುವುದಿಲ್ಲ. ನನಗೆ ಬಾರದ ಎಷ್ಟೋ ಭಾಷೆಯವರಿಗೆ ಅದು ನಿಜವಾಗಿ ಉಪಕಾರ ಮಾಡಿದೆ. ಆದರೆ ಒಮ್ಮೊಮ್ಮೆ ಯಾರೋ ಅದನ್ನು ಗೋಡೆಗೆ ತಿರುಗಿಸಿ ಹೋಗಿರುತ್ತಾರೆ, ಪಾಪ, ಆ ದುಭಾಷಿ ಗೋಡೆಗೆ ಮಧುಮೇಹದ ಪಥ್ಯ ವಿವರಿಸುತ್ತಿರುತ್ತಾರೆ.

ನನ್ನ ಜಾಗಕ್ಕೆ ಬಂದವಳು ಅನುಷಾ, ಮೈಸೂರಿನವಳು. ಬೆಂಗಳೂರಿನಲ್ಲಿ ಸ್ಪ್ಯಾನಿಷ್, ಪೋರ್ಚುಗೀಸ್ ಎರಡೂ ಓದಿದ್ದಾಳೆ. ಚೂಟಿ ಹುಡುಗಿ. ಕೆಲವು ವಾರ ನನ್ನ ಜೊತೆ ಕೂತು ಕೆಲಸ ನೋಡಿದಳು. ಒಂದು ದಿನ ಕೇಳಿದಳು, “ಆಂಟಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ರೂಮಲ್ಲಿ ಇಲ್ಲ ಅನ್ನೋದೇ ರೂಲ್ ಆದ್ರೆ, ಸ್ಕ್ರೀನಲ್ಲಿದ್ರೆ ಸಾಲ್ದಾ? ಇಲ್ಲದೇ ಇರೋಕೆ ಅಷ್ಟು ದೂರದಿಂದ ಯಾಕ್ ಬರ್ಬೇಕು?”

ಅವಳನ್ನು ಮುಂದಿನ ರೋಗಿಯ ಕೋಣೆಗೆ ಕಳಿಸಿದೆ. ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ಕಾಲ ನಾನು ಇದ್ದೆನೋ ಇರಲಿಲ್ಲವೋ ಎಂಬ ಪ್ರಶ್ನೆ ಮನೆಯವರೆಗೂ ಬೆನ್ನು ಹತ್ತಿತು. ಮನೆಯಲ್ಲಿ ಇನ್ನೊಂದು ಪ್ರಶ್ನೆ ಕಾಯುತ್ತಿತ್ತು. ನಾವೀಗ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದೇವೆ. ಸದಾಶಿವರು ದುಬೈಯ ರಾಸ್ ಅಲ್ ಖೋರ್‌ನಲ್ಲಿ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಲೆಕ್ಕ ನೋಡುತ್ತ ವಾರದ ಕೊನೆಗೆ ಬರುತ್ತಾರೆ. ಅವರು ಇನ್ನೂ ಸ್ವಲ್ಪ ಕಾಲ ಕೆಲಸ ಬಿಡುವವರಲ್ಲ. ಉಡುಪಿಯಲ್ಲಿ ತೆಗೆದಿಟ್ಟ ಫ್ಲ್ಯಾಟಿದೆ. “ನಿನ್ನ ವೀಸಾ ಕ್ಯಾನ್ಸಲ್ ಆಗ್ತದೆ. ನನ್ನ ವೀಸಾದ ಮೇಲೆ ಇಲ್ಲಿ ಇರ್ತೀಯಾ, ಅಲ್ಲ ಊರಿಗೆ ಹೋಗ್ತೀಯಾ? ಎಂಥದಾದ್ರೂ ಒಂದು ಹೇಳು ಮಾರಾಯ್ತಿ,” ಎಂದು ವಾರವಾರವೂ ಕೇಳುತ್ತಿದ್ದರು. ಅನುಷಾಗೆ ಜೊತೆಯಾಗಿ ವಾರಕ್ಕೆ ಎರಡು ಬೆಳಿಗ್ಗೆ ಬಂದು ಹೋಗಿ ಎಂದು ಆಸ್ಪತ್ರೆಯವರೂ ಕೇಳಿದ್ದರು. ಇಲ್ಲದವಳು ಎಲ್ಲಿದ್ದರೇನು ಎಂದು ನಾನು ಯಾರಿಗೂ ಉತ್ತರ ಕೊಡದೆ ಕೂತಿದ್ದೆ.

ಬೀಳ್ಕೊಡುಗೆ ಕ್ಯಾಂಟೀನಿನಲ್ಲೇ ಆಯಿತು. ಕೇಕು, ಸಮೋಸ, ಹೂವಿನ ಗುಚ್ಛ. ಸದಾಶಿವರು ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದರು. ಡಾಕ್ಟರ್ ನೂರಿಯಾ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತಿದ್ದರು. ಆಗ ಬಾಗಿಲಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ಕೈಗೆ ಪ್ಲಾಸ್ಟರ್ ಹಾಕಿಕೊಂಡ ಉದ್ದ ಜಡೆಯ ಹುಡುಗಿ. ಜುಸಾರಾ ಮತ್ತು ಪುಟ್ಟ ನೂರಿಯಾ. ಅವರು ಅಬುಧಾಬಿಗೆ ವಾಪಸ್ ಬಂದಿದ್ದರು, ಹುಡುಗಿ ಅಪ್ಪನ ಕುಸ್ತಿ ಕಲಿಯಲು ಹೋಗಿ ಮಣಿಕಟ್ಟು ಮುರಿದುಕೊಂಡಿದ್ದಳು. ಹಿಂದಿನ ದಿನ ಪ್ಲಾಸ್ಟರಿಗೆ ಬಂದಾಗ ಅನುಷಾ ಅವರಿಗೆ ದುಭಾಷಿಯಾಗಿದ್ದಳು, ಅವರು ನನ್ನನ್ನು ವಿಚಾರಿಸಿದಾಗ ಅವಳೇ ಬೀಳ್ಕೊಡುಗೆಯ ವಿಷಯ ಹೇಳಿದ್ದಳು.

ಅಪ್ಪುಗೆಯೆಲ್ಲ ಆಯಿತು. ದೊಡ್ಡ ನೂರಿಯಾ ಪುಟ್ಟ ನೂರಿಯಾಳ ಪ್ಲಾಸ್ಟರಿನ ಮೇಲೆ ಸಹಿ ಹಾಕಿದರು. ಆಮೇಲೆ ಸುತ್ತಲಿದ್ದವರಿಗೆಲ್ಲ, “ಇವಳ ತಾಯಿ ಅವತ್ತು ಇರು ಅನ್ನದಿದ್ದರೆ ನಾನು ಏರ್‌ಪೋರ್ಟಿನಲ್ಲಿರುತ್ತಿದ್ದೆ,” ಎಂದರು. ಅನುಷಾ ಅದನ್ನು ಜುಸಾರಾಗೆ ದಾಟಿಸಿದಳು. ಜುಸಾರಾ ನಮ್ಮಿಬ್ಬರ ಮುಖ ನೋಡಿದಳು, ನಕ್ಕಳು, ಆಮೇಲೆ ಪೋರ್ಚುಗೀಸಿನಲ್ಲಿ ಏನೋ ಹೇಳಿದಳು. 

“ಏನಂತೆ?” ಎಂದು ನೂರಿಯಾ ನನ್ನನ್ನೇ ಕೇಳಿದರು, ಯಾವಾಗಿನ ಅಭ್ಯಾಸದ ಹಾಗೆ. ನನಗೆ ಹೇಳಲಾಗಲಿಲ್ಲ.  ಉದ್ಯೋಗದಲ್ಲಿ ಹಾಗಾದದ್ದು ಅದೊಂದೇ ಸಲ.

ಅನುಷಾ ಸದ್ದಿಲ್ಲದೆ ತನ್ನ ಕುರ್ಚಿಯನ್ನು ಎತ್ತಿ ನನ್ನ ಮತ್ತು ಜುಸಾರಾಳ ಭುಜದ ಹಿಂದೆ, ಸ್ವಲ್ಪ ಓರೆಯಾಗಿ ಇಟ್ಟುಕೊಂಡು ಕೂತಳು. ಕಲಿಸಿದ್ದು ಸರಿಯಾಗಿತ್ತು. ಅಲ್ಲಿಂದ ಇಂಗ್ಲಿಷಿನಲ್ಲಿ, ಜುಸಾರಾಳ ‘ನಾನು’ ಆಗಿ ಹೇಳಿದಳು: “ನಾನು ಅದನ್ನು ಹೇಳಿದ್ದು ನಿಮಗಲ್ಲ ಡಾಕ್ಟರ್. ನೀವು ಹೊರಟದ್ದು ನಾನು ನೋಡಲೂ ಇಲ್ಲ. ಈಕೆ ಬ್ಯಾಗು ಹೆಗಲಿಗೆ ಹಾಕಿದ್ದು ನೋಡಿದೆ. ಆ ಕೋಣೆಯಲ್ಲಿ ನನಗೆ ಅರ್ಥವಾಗುತ್ತಿದ್ದ ದನಿ ಈಕೆಯದ್ದೊಂದೇ. ನಾನು ಈಕೆಗೆ ಇರಿ ಅಂದೆ, ಈಕೆ ನಿಮ್ಮನ್ನು ಇರಿಸಿದರು.”

ನೂರಿಯಾ ಕೈಯಲ್ಲಿದ್ದ ಸಮೋಸ ಕೆಳಗಿಟ್ಟರು. ಆಮೇಲೆ, “ಅಂದರೆ ನನ್ನನ್ನು ಯಾರೂ ಕರೆಯಲೇ ಇಲ್ಲ, ಸುಮ್ಮನೆ ನನ್ನ ತಾಯಿಯಿಂದ ಬೈಸಿಕೊಂಡೆ,” ಎಂದರು. ಇಡೀ ಕ್ಯಾಂಟೀನ್ ನಕ್ಕಿತು. ನಗುತ್ತಲೇ ಅವರು ಮೇಜಿನ ಮೇಲಿಂದ ಕೈ ಚಾಚಿ ನನ್ನ ಕೈ ಹಿಡಿದರು. ನಾನು ಅಳುತ್ತಿದ್ದೆ, ನಾಚಿಕೆಯಿಲ್ಲದೆ. ಸದಾಶಿವರು ಟಿಶ್ಯೂ ಡಬ್ಬವನ್ನೇ ತಂದಿಟ್ಟರು. ಇದ್ರೀಸರ ನಿಯಮ ಅವತ್ತು ಒಂದು ಜೀವ ಉಳಿಸಿತ್ತು, ಅದರಲ್ಲಿ ಅನುಮಾನವಿಲ್ಲ. ಯಾರು ಏನೇ ಆಡಿದರೂ ನಿನಗಲ್ಲ ಎಂಬುದನ್ನು ನಾನು ಅಷ್ಟು ಗಟ್ಟಿಯಾಗಿ ನಂಬದಿದ್ದರೆ, ನಾನೊಬ್ಬಳೇ ಅವಳ ಕೈ ಹಿಡಿದು ಕೂರುತ್ತಿದ್ದೆ, ಡಾಕ್ಟರು ಹೋಗುತ್ತಿದ್ದರು. ಆದರೆ ಗೋಡೆಗೆ ತಿರುಗಿದ ಸ್ಕ್ರೀನಿಗೆ ಯಾರೂ ಇರು ಎನ್ನುವುದಿಲ್ಲ ಅನುಷಾ. ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ.

ಜುಸಾರಾ ಕಣ್ಣೊರೆಸಿಕೊಂಡು ನನ್ನನ್ನು ಕೇಳಿದಳು, “ಇನ್ನು ಊರಿಗೆ ಹೊರಟಿರಾ, ಸೆನ್ಯೋರಾ?”

ಸದಾಶಿವರಿಗೆ ಪೋರ್ಚುಗೀಸ್ ಬರುವುದಿಲ್ಲ, ಆದರೆ ಅವರೂ ನನ್ನ ಕಡೆ ತಿರುಗಿದರು. ಕಿಟಕಿಯ ಪಕ್ಕದ ಮೇಜಿನ ದೋನಾ ನೆನಪಾದರು. ನಾನು ಅವರ ಹಾಗೆಯೇ ಹೇಳಿದೆ, “ಫೀಕು.”

ನನ್ನ ಬೆನ್ನ ಹಿಂದಿನಿಂದ ಅನುಷಾ ಎಲ್ಲರಿಗೂ ಕೇಳುವ ಹಾಗೆ, ಒಂದಕ್ಷರ ಸಕ್ಕರೆ ಬೆರೆಸದೆ ದಾಟಿಸಿದಳು: “ನಾನು ಇಲ್ಲೇ ಇರ್ತೇನೆ.”